‘ಕೋಡಿಂಗ್ ನನ್ನ ತಲೆಗೆ ಹತ್ತಲ್ಲ’: ಮೊದಲ ಸೆಮಿಸ್ಟರ್‌ನ ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗುವ ವಿವರಗಳನ್ನು ಬದಲಿಸಲಾಗಿದೆ.)

ವಿದ್ಯಾರ್ಥಿನಿಗೆ 18 ವರ್ಷ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಪಾಠ ಶುರುವಾಗಿ ಆರನೇ ವಾರ. ಗಣಿತದಲ್ಲಿ ಒಳ್ಳೆಯ ಅಂಕ ಪಡೆದು ಬಂದವಳು ಈಗ ಕೋರ್ಸ್ ಬಿಡುವ ಮಾತಾಡುತ್ತಾಳೆ. ಅಸೈನ್‌ಮೆಂಟ್‌ಗಳೆಲ್ಲ ಗೆಳತಿಯ ನಕಲು. “ಮೇಡಂ, ಪಕ್ಕದವರು ಹತ್ತು ನಿಮಿಷದಲ್ಲಿ ಮುಗಿಸ್ತಾರೆ. ಇದು ಕೆಲವರಿಗೆ ಮಾತ್ರ ಬರೋದು. ನನ್ನ ತಲೆಗೆ ಹತ್ತಲ್ಲ.” ಆ ಪಕ್ಕದವರಲ್ಲಿ ಹಲವರು ಶಾಲೆಯಲ್ಲೇ ಕೋಡಿಂಗ್ ಕಲಿತವರು ಎಂಬುದು ಕೆದಕಿ ಕೇಳಿದ ಮೇಲಷ್ಟೇ ಹೊರಬಂತು. ನಿದ್ರೆ, ಊಟ, ಉಳಿದ ವಿಷಯಗಳ ಓದು ಸರಿಯಿವೆ. ಅಳುಕು ಇದೊಂದೇ ವಿಷಯದ್ದು. ಹಾಗಿಲ್ಲದಿದ್ದರೆ ಪ್ರಕರಣದ ದಾರಿಯೇ ಬೇರೆಯಾಗುತ್ತಿತ್ತು.

‘ನಿಮ್ಮಿಂದ ಆಗುತ್ತೆ, ಪ್ರಯತ್ನ ಬಿಡಬೇಡಿ’ ಎಂದು ಬೆನ್ನು ತಟ್ಟಿ ಕಳಿಸುವುದು ಸುಲಭವಿತ್ತು. ಅದರ ಬದಲು ಲ್ಯಾಪ್‌ಟಾಪ್ ತರಿಸಿ, 1ರಿಂದ 10ರವರೆಗಿನ ಸಂಖ್ಯೆಗಳ ಮೊತ್ತಕ್ಕೆ ಪ್ರೋಗ್ರಾಂ ಬರೆಯಲು ಹೇಳಲಾಯಿತು. ಬರಬೇಕಾದದ್ದು 55, ಬಂದದ್ದು 9. ತಪ್ಪು ಎರಡಿದ್ದವು. ಮೊತ್ತವನ್ನು ಸೊನ್ನೆಗೆ ಇಡುವ ಸಾಲು, ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಲೂಪ್‌ನ ಒಳಗೆ ಸೇರಿಕೊಂಡಿತ್ತು. ಪ್ರತಿ ಸುತ್ತಿಗೂ ಹಿಂದಿನ ಲೆಕ್ಕ ಅಳಿಸಿಹೋಗಿ ಕೊನೆಯ ಸಂಖ್ಯೆ ಮಾತ್ರ ಉಳಿಯುತ್ತಿತ್ತು. ಜೊತೆಗೆ ಲೂಪ್ ಎಲ್ಲಿಂದ ಎಲ್ಲಿಯವರೆಗೆ ಓಡಬೇಕೆಂದು ಹೇಳಲು ರೇಂಜ್(1, 10) ಎಂದು ಬರೆದಿದ್ದಳು. ಪೈಥಾನ್‌ನಲ್ಲಿ ಅದು 9ಕ್ಕೇ ನಿಲ್ಲುತ್ತದೆ. 10 ಸೇರಬೇಕಿದ್ದರೆ 11 ಎಂದು ಬರೆಯಬೇಕು. ಸ್ವಲ್ಪ ತಡಕಾಡಿ ಸೊನ್ನೆಯ ಸಾಲನ್ನು ಲೂಪ್‌ನಿಂದ ಹೊರಗೆ ತಂದಳು. ಉತ್ತರ 45 ಆಯಿತು. “ಮತ್ತೆ ತಪ್ಪು” ಎಂದವಳೇ ಇಡೀ ಪ್ರೋಗ್ರಾಂ ಅಳಿಸಿಬಿಟ್ಟಳು.

ತೊಂದರೆ ಇದ್ದದ್ದು ಅಲ್ಲಿ. 9 ಹೋಗಿ 45 ಬಂತೆಂದರೆ ಎರಡರಲ್ಲಿ ಒಂದು ದೋಷ ನೀಗಿತು ಎಂದರ್ಥ. ಅವಳಿಗೆ ಕಂಡದ್ದು ಎರಡು ಸೋಲು. ಬೇರೆ ವಿಷಯಗಳಲ್ಲಿ ತಪ್ಪು ಎಂದೋ ಉತ್ತರಪತ್ರಿಕೆ ಬಂದಾಗ ಗೊತ್ತಾಗುತ್ತದೆ. ಇಲ್ಲಿ ಒಂದು ಗಂಟೆಯಲ್ಲಿ ಹತ್ತಾರು ಸಲ ಕೆಂಪಕ್ಷರದಲ್ಲಿ ಎದುರು ನಿಲ್ಲುತ್ತದೆ. ಬುದ್ಧಿಶಕ್ತಿ ಹುಟ್ಟಿನಿಂದ ಬಂದಷ್ಟೇ ಎಂದು ನಂಬಿದವರು ಪ್ರತಿ ಸಲವೂ ಅದನ್ನು ತಮ್ಮ ಮೇಲಿನ ತೀರ್ಪೆಂದೇ ಓದಿಕೊಳ್ಳುತ್ತಾರೆ. ಆ ನಂಬಿಕೆಯನ್ನು ಬರೀ ಮಾತಿನಿಂದ ಕದಲಿಸುವುದು ಕಷ್ಟ. ಅಮೆರಿಕದ ಒಂಬತ್ತನೇ ತರಗತಿಯವರ ಮೇಲೆ ನಡೆದು 2019ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ, ಬುದ್ಧಿಶಕ್ತಿ ಬೆಳೆಯಬಲ್ಲದು ಎಂಬ ಚಿಕ್ಕ ಆನ್‌ಲೈನ್ ಪಾಠದಿಂದ ಕಡಿಮೆ ಅಂಕದವರ ಗ್ರೇಡ್ ಪಾಯಿಂಟ್ ಸರಾಸರಿ ಏರಿದ್ದು 0.1ರಷ್ಟು. ತಳ್ಳಿಹಾಕುವಂಥದ್ದಲ್ಲ, ಆದರೆ ಅದೊಂದನ್ನೇ ನೆಚ್ಚಿ ಕೂರುವಂಥದ್ದೂ ಅಲ್ಲ. ಸಿಕ್ಕಿಬಿದ್ದಾಗ ಕೈ ಏನು ಮಾಡಬೇಕು ಎಂಬುದು ಅವಳಿಗೆ ಮೊದಲು ಬೇಕಿತ್ತು.

ಕೊಟ್ಟ ಸಲಹೆ

ಅಳಿಸುವಂತಿಲ್ಲ. ಕೆಟ್ಟಿತೆನಿಸಿದರೆ ಫೈಲನ್ನು ಇನ್ನೊಂದು ಹೆಸರಿನಲ್ಲಿ ಉಳಿಸಿ, ಪ್ರತಿಯಲ್ಲಿ ಮುಂದುವರಿಯಬೇಕು. ಒಂದು ಸಲಕ್ಕೆ ಒಂದೇ ತಿದ್ದುಪಡಿ, ಕೂಡಲೇ ರನ್. ಎರಡು ಕಡೆ ಒಟ್ಟಿಗೆ ಕೈಯಾಡಿಸಿದರೆ ಯಾವುದರಿಂದ ಏನಾಯಿತು ಗೊತ್ತಾಗದು. ರನ್ ಒತ್ತುವ ಮೊದಲು ಏನು ಬರಬಹುದೆಂದು ಪುಸ್ತಕದಲ್ಲಿ ಬರೆದಿಡಬೇಕು.

ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟದ್ದು ಕಾಗದದ ಮೇಲಿನ ಕೋಷ್ಟಕ: ಒಂದು ಕಾಲಂನಲ್ಲಿ ಲೂಪ್‌ನ ಸಂಖ್ಯೆ, ಇನ್ನೊಂದರಲ್ಲಿ ಮೊತ್ತ, ಸುತ್ತಿಗೊಂದು ಸಾಲು. ಅಳಿಸಿದ ಪ್ರೋಗ್ರಾಮನ್ನು ಮೊದಲಿದ್ದಂತೆಯೇ ಮತ್ತೆ ಬರೆಸಿ ಕೋಷ್ಟಕ ತುಂಬಿಸಿದಾಗ ಮೊತ್ತದಲ್ಲಿ 1, 3, 6 ಬರುವ ಬದಲು 1, 2, 3 ಬಂತು. ಎರಡನೇ ಸಾಲಿಗೇ ಅವಳು ತಡೆದು, “ಇದು ಕೂಡ್ತಾನೇ ಇಲ್ವಲ್ಲ” ಎಂದಳು. ಯಾರೂ ತೋರಿಸಿರಲಿಲ್ಲ.

ಕೆಂಪು ಸಂದೇಶ ಬಂದರೆ ಕೊನೆಯ ಸಾಲನ್ನು ಮೊದಲು ಓದಿ, ಆಮೇಲೆ ಸಾಲಿನ ಸಂಖ್ಯೆ ನೋಡಬೇಕು. ಆವರಣ ಮುಚ್ಚಲು ಮರೆತಾಗ ಅದು ಕೆಲವೊಮ್ಮೆ ಮುಂದಿನ ಸಾಲನ್ನು ತೋರಿಸುವುದರಿಂದ ಹಿಂದಿನ ಸಾಲಿನ ಮೇಲೂ ಕಣ್ಣಿರಲಿ. 20 ನಿಮಿಷ ಕಳೆದೂ ಬಗೆಹರಿಯದಿದ್ದರೆ ಕೇಳಲೇಬೇಕು: ಏನು ಬರಬೇಕಿತ್ತು, ಏನು ಬಂತು, ಏನೇನು ಮಾಡಿ ನೋಡಿದೆ ಎಂದು ಮೂರು ವಾಕ್ಯ ಬರೆದುಕೊಂಡು. ಒಂದೇ ತಪ್ಪನ್ನು ರಾತ್ರಿಯಿಡೀ ದಿಟ್ಟಿಸಿ ಕೂರುವುದನ್ನು ಶ್ರಮವೆಂದು ಹೊಗಳಲಾಗದು.

ಅವಳ ಒಪ್ಪಿಗೆ ಪಡೆದು ಅಧ್ಯಾಪಕರೊಂದಿಗೂ ಮಾತಾಡಲಾಯಿತು. ‘ಇದು ತುಂಬಾ ಸುಲಭ’ ಎಂಬ ಪೀಠಿಕೆ ಬಿಡಿ. ಸುಲಭವಾದದ್ದೂ ಬರಲಿಲ್ಲವಲ್ಲ ಎಂದು ಹೊಸಬರು ಇನ್ನಷ್ಟು ಕುಗ್ಗುತ್ತಾರೆ. ‘ನೀವು ಜಾಣರು’ ಎಂಬ ಹೊಗಳಿಕೆಯೂ ತಿರುಗುಬಾಣವೇ. ಮನೋವಿಜ್ಞಾನಿಗಳಾದ ಕ್ಲಾಡಿಯಾ ಮುಲ್ಲರ್ ಮತ್ತು ಕ್ಯಾರಲ್ ಡ್ವೆಕ್ 1998ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಜಾಣರೆನಿಸಿಕೊಂಡ ಮಕ್ಕಳು ಕಠಿಣ ಒಗಟುಗಳಲ್ಲಿ ಎಡವಿದ ಮೇಲೆ, ಶ್ರಮಕ್ಕೆ ಹೊಗಳಿಸಿಕೊಂಡವರಿಗಿಂತ ಕಡಿಮೆ ಛಲ ತೋರಿದರು. ‘ಸೊನ್ನೆಯ ಸಾಲನ್ನು ಸರಿಯಾಗಿ ಹಿಡಿದಿರಿ, ಈಗ ಲೂಪ್ ಎಲ್ಲಿ ನಿಲ್ಲುತ್ತದೆ ನೋಡಿ’ ಎಂಬಂಥ ಮಾತು ಸಾಕು. ತಿದ್ದಿ ಮತ್ತೆ ಸಲ್ಲಿಸಿದ ಅಸೈನ್‌ಮೆಂಟ್‌ಗೆ ಅಂಕ ಕೊಡಲು ಅಧ್ಯಾಪಕರು ಒಪ್ಪಿದರು. ಒಂದೇ ಸಲ್ಲಿಕೆಗೆ ಅಂಕ ಮುಗಿದುಹೋದರೆ ನಕಲು ಮಾಡುವುದೇ ವಿದ್ಯಾರ್ಥಿಗೆ ಲಾಭ.

ಮೂರು ವಾರಗಳ ನಂತರ

ನಕಲು ಪೂರ್ತಿ ನಿಂತಿಲ್ಲ. ಗೆಳತಿಯದನ್ನು ನೋಡುವ ಮೊದಲು ತನ್ನದೊಂದು ಪ್ರಯತ್ನ ಇರುತ್ತದೆ. ಈಗಿನ ತೊಡಕು ಲೂಪ್‌ನೊಳಗಿನ ಲೂಪ್. ಕೋಷ್ಟಕ ನೂರು ಸಾಲಿಗೆ ಬೆಳೆದು ಬೇಸತ್ತಿದ್ದಳು. 10ರ ಜಾಗದಲ್ಲಿ 3 ಇಟ್ಟು ಒಂಬತ್ತು ಸಾಲಿನಲ್ಲಿ ಮುಗಿಸಲು ಹೇಳಲಾಗಿದೆ. ಕೋರ್ಸ್ ಬಿಡುವ ನಿರ್ಧಾರ ಅವಳದೇ. ಎರಡನೇ ಟೆಸ್ಟ್‌ವರೆಗೆ ಅದನ್ನು ಮುಂದೂಡಲು ಒಪ್ಪಿದ್ದಾಳೆ.