ಹವಳದ ವೇಷ, ಹವಳದ ಲೆಕ್ಕ

ಪ್ರಶ್ನೆ: ನಾನು ಶಿಲ್ಪಕಲೆ ಓದುತ್ತಿದ್ದೇನೆ. ಹವಳದ ಕೊಂಬೆಗಳಂಥ ಒಂದು ಆಕೃತಿಯನ್ನು ಕಂಪ್ಯೂಟರಿನಲ್ಲಿ ಮಾಡಿ, ತ್ರೀಡಿ ಪ್ರಿಂಟರಿನಲ್ಲಿ ತೆಗೆದೆ. ನೋಡೋಕೆ ಚೆನ್ನಾಗಿಯೇ ಇದೆ. ಆದರೆ ಮೇಷ್ಟ್ರು "ಇದು ಬರೀ ವೇಷ" ಅಂದುಬಿಟ್ಟರು. ಎತ್ತಿಡುವಾಗ ಎರಡು ಕೊಂಬೆ ಬೇರೆ ಮುರಿದವು. ಪ್ರಕೃತಿಯಿಂದ ಕಲಿಯುವುದು ಅಂದರೆ ಮತ್ತೇನು?

ಉತ್ತರ: ಮೇಷ್ಟ್ರು ಸ್ವಲ್ಪ ಖಾರವಾಗಿಯೇ ಹೇಳಿದ್ದಾರೆ, ಆದರೆ ಮಾತಿನಲ್ಲಿ ಹುರುಳಿದೆ. ಮುರಿದ ಕೊಂಬೆಯನ್ನೇ ನೋಡಿ. ಮುರಿದ ಜಾಗ ಚಾಕುವಿನಲ್ಲಿ ಕೊಯ್ದ ಹಾಗೆ ಸಪಾಟಾಗಿದೆ ಅಲ್ವಾ? ಪ್ರಿಂಟರ್ ಪದರದ ಮೇಲೆ ಪದರ ಇಡುತ್ತಾ ಹೋಗುತ್ತದೆ, ಎರಡು ಪದರ ಅಂಟಿದ ಜಾಗವೇ ದುರ್ಬಲ, ನೆಟ್ಟಗೆ ನಿಂತ ತೆಳು ಕೊಂಬೆ ಅಲ್ಲೇ ಕಳಚಿಕೊಳ್ಳುತ್ತದೆ. ಮೂಳೆ ಹಾಗಲ್ಲ. ಅದರ ಒಳಗಿನ ಎಳೆಗಳು ಭಾರ ಬೀಳುವ ದಿಕ್ಕಿಗೇ ಬೆಳೆಯುತ್ತವೆ. ನೀವು ಆಕಾರ ತಂದಿರಿ, ಈ ಲೆಕ್ಕ ಬಿಟ್ಟುಬಂದಿರಿ.

ಜರ್ಮನಿಯ ಸ್ಟುಟ್‌ಗಾರ್ಟ್ ವಿಶ್ವವಿದ್ಯಾಲಯದಲ್ಲಿ ವಾಸ್ತುಶಿಲ್ಪಿ ಆಕಿಮ್ ಮೆಂಗೆಸ್ ಮತ್ತು ಎಂಜಿನಿಯರ್ ಯಾನ್ ಕ್ನಿಪ್ಪರ್ಸ್ ತಂಡಗಳು 2011ರಲ್ಲಿ ಒಂದು ಮಂಟಪ ಕಟ್ಟಿದವು. ಅದಕ್ಕೆ ಮಾದರಿ ಸ್ಯಾಂಡ್ ಡಾಲರ್ ಎಂಬ ಚಪ್ಪಟೆ ಕಡಲ ಜೀವಿ. ಮಂಟಪ ನೋಡಿದರೆ ಆ ಜೀವಿ ನೆನಪಿಗೇ ಬರುವುದಿಲ್ಲ! ಅವರು ತೆಗೆದುಕೊಂಡದ್ದು ಚಿಪ್ಪಿನ ಫಲಕಗಳು ಕೂಡುವ ರೀತಿಯನ್ನು. ಒಂದು ಮೂಲೆಯಲ್ಲಿ ಮೂರೇ ಫಲಕ, ಅಂಚಿನಲ್ಲಿ ಬೆರಳಿಗೆ ಬೆರಳು ಹೆಣೆದಂಥ ಹಲ್ಲುಗಳು. ಮೂರೇ ಯಾಕೆ ಅಂತ ತಿಳಿಯಬೇಕಾದರೆ ನಾಲ್ಕು ರಟ್ಟಿನ ತ್ರಿಕೋನಗಳನ್ನು ಡೇರೆಯ ಹಾಗೆ ಸುತ್ತಲೂ ಟೇಪ್ ಹಚ್ಚಿ ಕೂಡಿಸಿ ಒತ್ತಿ ನೋಡಿ, ಮಡಚಿಕೊಳ್ಳುತ್ತದೆ. ಮೂರನ್ನು ಕೂಡಿಸಿದರೆ ಜಪ್ಪಯ್ಯ ಅಂದರೂ ಅಲುಗಾಡುವುದಿಲ್ಲ. ಹೀಗಾಗಿ ಅಷ್ಟು ದೊಡ್ಡ ಮಂಟಪಕ್ಕೆ 6.5 ಮಿಲಿಮೀಟರ್ ದಪ್ಪದ ಪ್ಲೈವುಡ್ ಸಾಕಾಯಿತು. 850ಕ್ಕೂ ಹೆಚ್ಚು ತುಂಡುಗಳು, ಒಂದರ ಹಾಗೆ ಇನ್ನೊಂದಿಲ್ಲ, ಹಲ್ಲುಗಳೇ ಲಕ್ಷಕ್ಕೂ ಜಾಸ್ತಿ. ಇದು ಕೈಯಲ್ಲಿ ಆಗುವ ಮಾತಲ್ಲ, ರೋಬೋಟ್ ಕೊರೆಯಿತು. ಕೊನೆಗೆ ಅದೆಷ್ಟು ಹಗುರಾಯಿತೆಂದರೆ, ಗಾಳಿಗೆ ಎದ್ದು ಹೋಗದಂತೆ ನೆಲಕ್ಕೆ ಬಿಗಿಯಬೇಕಾಯಿತು.

ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ವಿನ್ಯಾಸಕಿ ನೇರಿ ಆಕ್ಸ್‌ಮನ್ ತಂಡದ್ದು ಇನ್ನೂ ಮಜಾ. 2013ರಲ್ಲಿ ಒಂದು ಗುಮ್ಮಟದ 26 ಚೌಕಟ್ಟುಗಳಿಗೆ ಯಂತ್ರದಿಂದ ರೇಷ್ಮೆ ನೂಲು ಎಳೆಸಿ, ಮೇಲೆ 6,500 ರೇಷ್ಮೆ ಹುಳು ಬಿಟ್ಟರು. ಗೂಡು ಕಟ್ಟಲು ಆಸರೆ ಸಿಗದಿದ್ದರೆ ರೇಷ್ಮೆ ಹುಳು ಸುಮ್ನೆ ಕೂರುವುದಿಲ್ಲ, ಹಾಳೆಯ ಹಾಗೆ ಚಪ್ಪಟೆಯಾಗಿ ನೇಯುತ್ತದೆ. ಗುಮ್ಮಟದ ಹೊದಿಕೆ ಆದದ್ದು ಹಾಗೆ.

ನಿಮ್ಮ ಹವಳವನ್ನು ಬಿಸಾಡಬೇಡಿ. ಕೊಂಬೆಗಳು ಮಲಗುವಂತೆ ತಿರುಗಿಸಿ ಇನ್ನೊಮ್ಮೆ ತೆಗೆಯಿರಿ, ಕವಲೊಡೆಯುವ ಕಂಕುಳಲ್ಲಿ ಮರದ ಹಾಗೆ ಸ್ವಲ್ಪ ದಪ್ಪ ಕೊಡಿ. ಮಲಗಿದ ಕೊಂಬೆ ಜೋಲದಂತೆ ಪ್ರಿಂಟರ್ ಕೆಳಗೆ ಕೊಡುವ ಆಸರೆಯ ಪ್ಲಾಸ್ಟಿಕ್ ಜಾಸ್ತಿ ಖರ್ಚಾಗುತ್ತದೆ, ಕಿತ್ತು ಉಜ್ಜುವ ಕೆಲಸವೂ ಜಾಸ್ತಿ. ಅದು ಬೇಡ ಅನಿಸಿದರೆ ಕೊಂಬೆಗಳನ್ನು ಬಿಡಿಬಿಡಿಯಾಗಿ ತೆಗೆದು, ಹಲ್ಲು ಕೂಡಿಸಿ ಜೋಡಿಸಿ.