ಹಳೆಯ ಗೆರೆಗಳ ಮೇಲೊಂದು ಜರಿ ಎಲೆ

ಪ್ರಶ್ನೆ: ನನಗೆ 24 ವರ್ಷ. ಊರು ತೀರ್ಥಹಳ್ಳಿ ಕಡೆ, ಕೆಲಸ ಶಿವಮೊಗ್ಗದಲ್ಲಿ. ಪಿಯುಸಿ ಓದುತ್ತ ಹಾಸ್ಟೆಲ್‌ನಲ್ಲಿದ್ದಾಗ ಸಂಕಟ ತಡೆಯಲಾಗದ ದಿನಗಳಲ್ಲಿ ಎಡಗೈಗೆ ಗಾಯ ಮಾಡಿಕೊಳ್ಳುತ್ತಿದ್ದೆ. ಅದನ್ನು ಬಿಟ್ಟು ನಾಲ್ಕು ವರ್ಷವಾಯಿತು. ಅಮ್ಮ ಒಮ್ಮೆ ಕೈ ನೋಡಿದ್ದರು, ಏನೂ ಕೇಳಲಿಲ್ಲ. ಕಳೆದ ವರ್ಷ ಭುಜದ ಮೇಲೆ ಸುರಗಿ ಹೂವಿನ ಹಚ್ಚೆ ಹಾಕಿಸಿಕೊಂಡೆ, ಆರು ತಿಂಗಳು ಯೋಚಿಸಿ, ಹಣ ಕೂಡಿಸಿ. ಮೊನ್ನೆ ಕಚೇರಿಯಲ್ಲಿ ಎಲ್ಲರೆದುರು ಬೈಸಿಕೊಂಡ ಸಂಜೆ ನೇರ ಹೋಗಿ ಕಿವಿಗೆ ಇನ್ನೆರಡು ತೂತು ಹಾಕಿಸಿಕೊಂಡೆ. ಊರಿಗೆ ಹೋದಾಗ ಅಮ್ಮ ‘ಮತ್ತೆ ಶುರು ಮಾಡಿದೆಯಾ?’ ಎಂದರು. ಈಗ ಕೈಯ ಕಲೆಗಳ ಮೇಲೆ, ಚಿಕ್ಕಂದಿನಲ್ಲಿ ಒತ್ತಿಕೊಳ್ಳುತ್ತಿದ್ದ ಜರಿ ಗಿಡದ ಎಲೆಯ ಬಿಳಿ ಅಚ್ಚನ್ನೇ ಹಚ್ಚೆ ಹಾಕಿಸುವ ಆಸೆ. ಆದರೆ ಸೂಜಿ ಚುಚ್ಚುವಾಗ ಹಿಂದಿನಂತೆಯೇ ಮನಸ್ಸು ಹಗುರವಾಗಿತ್ತು. ಇದೂ ಅದೇ ಅಲ್ಲವೇ?

ಉತ್ತರ: ಅಮ್ಮನ ಮಾತನ್ನು ಮೊದಲು ನೋಡೋಣ, ಅದು ಸುಲಭ. ನಿಮ್ಮ ಕಿವಿಗೆ ಮೊದಲ ತೂತು ಹಾಕಿಸಿದವರು ಅವರೇ ಇರಬೇಕು. ಮಡಿಲಲ್ಲಿ ಅಮುಕಿ ಹಿಡಿದು, ಅಕ್ಕಸಾಲಿಗನಿಂದ ಚುಚ್ಚಿಸಿ, ಅಳುವ ಬಾಯಿಗೆ ಬೆಲ್ಲ ಇಟ್ಟಿರುತ್ತಾರೆ. ನನ್ನ ಅಜ್ಜಿಯ ಮುಂಗೈ ತುಂಬ ಹಸಿರು ಹಚ್ಚೆಯಿತ್ತು. ಅದಿಲ್ಲದ ಕೈ ಬೋಳು ಎನ್ನುತ್ತಿದ್ದರು. ಶಿವಮೊಗ್ಗದ ಗುಡ್ಡೇಕಲ್‌ನಲ್ಲಿ ಆಡಿಕೃತ್ತಿಕೆಯ ದಿನ ಹರಕೆ ಹೊತ್ತವರು ಕೆನ್ನೆಗೆ ಶೂಲ ಚುಚ್ಚಿಸಿಕೊಂಡು ಕಾವಡಿ ಹೊತ್ತು ಬರುತ್ತಾರೆ. ನಾವು ಕೈ ಮುಗಿದು ದಾರಿ ಬಿಡುತ್ತೇವೆ, ಮನೋವೈದ್ಯರನ್ನು ಕರೆಯುವುದಿಲ್ಲ. ಮನೋವೈದ್ಯರೂ ಹಾಗೆ ಬರಬೇಕೆನ್ನುವುದಿಲ್ಲ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಹೊರತಂದ ರೋಗನಿರ್ಣಯದ ಕೈಪಿಡಿ, ಸಾಯುವ ಉದ್ದೇಶವಿಲ್ಲದೆ ಮೈಗೆ ಗಾಯ ಮಾಡಿಕೊಳ್ಳುವುದನ್ನು ವಿವರಿಸುವಾಗ ಹಚ್ಚೆ, ಕಿವಿ ಮೂಗು ಚುಚ್ಚಿಸುವುದು, ಧಾರ್ಮಿಕ ಆಚರಣೆ ಇವನ್ನು ಅದರಿಂದ ಹೊರಗಿಟ್ಟಿದೆ.

ಹಾಗೆಂದು ಅಮ್ಮನಿಗೆ ತಿಳಿಯದು ಎಂದುಕೊಳ್ಳಬೇಡಿ. ಅವರು ಕೇಳಿದ್ದು ಕಿವಿಯ ಬಗ್ಗೆ ಎಂದು ನನಗೆ ಅನ್ನಿಸುವುದಿಲ್ಲ. ಅಂದು ನಿಮ್ಮ ಕೈ ನೋಡಿ ನುಂಗಿಕೊಂಡ ಪ್ರಶ್ನೆ ಇಷ್ಟು ವರ್ಷಗಳ ಮೇಲೆ ಬಾಯಿಗೆ ಬಂದಿದೆ.

ಇನ್ನು ನಿಮ್ಮ ಪ್ರಶ್ನೆ. ಹಗುರವೆನಿಸಿದ್ದಕ್ಕೆ ಹೆದರಬೇಡಿ. ನೋವಾದಾಗ ದೇಹ ಎಂಡಾರ್ಫಿನ್ ಎಂಬ ತನ್ನದೇ ನೋವುನಿವಾರಕವನ್ನು ಬಿಡುಗಡೆ ಮಾಡುತ್ತದೆ. ಹಚ್ಚೆ ಹಾಕಿಸಿಕೊಳ್ಳುವ ಯಾರಿಗೂ, ಬಿಸಿಲಲ್ಲಿ ಕವಲೇದುರ್ಗದ ಕೋಟೆ ಹತ್ತಿದವರಿಗೂ, ಅದು ಸ್ವಲ್ಪ ಮಟ್ಟಿಗೆ ಆಗುವುದೇ. ಆ ಹಗುರತನ ಒಂದನ್ನೇ ಹಿಡಿದು ಏನನ್ನೂ ತೀರ್ಮಾನಿಸಲಾಗದು. ಅದರ ಹಿಂದುಮುಂದು ಏನಿತ್ತು ಎಂದು ನೋಡಬೇಕು.

ನಿಮ್ಮ ಪತ್ರವನ್ನು ನಾನು ಎರಡು ಸಲ ಓದಿದೆ. ಸುರಗಿ ಹೂವಿಗೆ ಆರು ತಿಂಗಳು ಕಾದಿರಿ, ಹಣ ಕೂಡಿಸಿದಿರಿ. ಹಾಕಿಸಿಕೊಂಡ ಮೇಲೆ ಎರಡು ವಾರವಾದರೂ ಅದನ್ನು ತೊಳೆದು, ಮುಲಾಮು ಹಚ್ಚಿ, ಬಿಸಿಲಿಗೆ ಒಡ್ಡದೆ ಜೋಪಾನ ಮಾಡಿರುತ್ತೀರಿ. ಹಾಸ್ಟೆಲ್‌ನ ದಿನಗಳಲ್ಲಿ ಆ ಎಡಗೈಗೆ ಇಂಥ ಆರೈಕೆ ಸಿಕ್ಕಿತ್ತೇ? ಇರಲಾರದು. ತೋಳು ಇಳಿಬಿಟ್ಟು ಮುಚ್ಚಿದ್ದೀರಿ, ನಾಚಿದ್ದೀರಿ. ಹೂವನ್ನು ಗೆಳತಿಯರಿಗೆ ತೋರಿಸಿದ್ದೀರಿ. ಇವೆರಡನ್ನೂ ಒಂದೇ ಎಂದು ಒಪ್ಪಲು ನನ್ನಿಂದಾಗದು. ಆದರೆ ಕಿವಿಯ ಸಂಗತಿ? ಏನು ಬೇಕೆಂದು ಯೋಚಿಸಿರಲಿಲ್ಲ, ಬೈಸಿಕೊಂಡ ಉರಿ ಆರುವ ಮೊದಲೇ ಹೋಗಿ ಕೂತಿರಿ. ಆ ತೂತುಗಳನ್ನು ಈಗ ಉಪ್ಪುನೀರಿನಲ್ಲಿ ತೊಳೆಯುತ್ತಿದ್ದೀರಾ? ಪತ್ರದಲ್ಲಿ ಅದರ ಮಾತೇ ಇಲ್ಲ. ಅಂದು ಸಂಜೆ ನಿಮಗೆ ಬೇಕಾಗಿದ್ದದ್ದು ಓಲೆಯೋ, ಚುಚ್ಚಿಸಿಕೊಳ್ಳುವ ನೋವೋ? ಎರಡನೆಯದಾಗಿದ್ದರೆ ಅಮ್ಮನ ಸಂಶಯ ಅರ್ಧ ನಿಜ. ಕಾನೂನುಬದ್ಧ ಅಂಗಡಿ, ರಸೀದಿ ಎಲ್ಲ ಇದ್ದೂ ಹಳೆಯ ದಾರಿ ಹೀಗೆ ತೆರೆದುಕೊಳ್ಳಬಹುದು.

ಆದ್ದರಿಂದ ಜರಿ ಎಲೆಗೆ ನನ್ನ ವಿರೋಧವಿಲ್ಲ, ಅವಸರಕ್ಕೆ ಇದೆ. (ನನಗೆ ಹಚ್ಚೆ ಎಂದರೆ ಅಷ್ಟಕ್ಕಷ್ಟೆ; ಅದು ನನ್ನ ರುಚಿ, ನಿಮ್ಮ ಕೈಗೆ ಸಂಬಂಧಿಸಿದ್ದಲ್ಲ.) ಎರಡು ತಿಂಗಳು ಮುಂದಿನ ಒಂದು ದಿನ ಗೊತ್ತು ಮಾಡಿ. ನಡುವೆ ಯಾವ ದಿನವಾದರೂ ‘ಇವತ್ತೇ ಹಾಕಿಸಬೇಕು’ ಎಂದು ಮೈ ಉರಿದರೆ, ಆ ದಿನ ಅಂಗಡಿಯ ಕಡೆ ಹೋಗಬೇಡಿ, ಯಾರೊಂದಿಗಾದರೂ ಮಾತನಾಡಿ. ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತನಾಡುತ್ತಾರೆ. ಹಳೆಯ ರೀತಿಯಲ್ಲೇ ಗಾಯ ಮಾಡಿಕೊಳ್ಳಬೇಕೆನಿಸಿದರೆ ಅಥವಾ ಬದುಕೇ ಬೇಡವೆನಿಸಿದರೆ ಆ ಕ್ಷಣವೇ ಕರೆ ಮಾಡಿ, ಒಬ್ಬರೇ ಇರಬೇಡಿ. ಹಾಗಾಗದಿದ್ದರೂ ಒಮ್ಮೆ ಮೆಗ್ಗಾನ್ ಆಸ್ಪತ್ರೆಯ ಮನೋವೈದ್ಯರನ್ನು ಕಾಣಿರಿ. ನಾಲ್ಕು ವರ್ಷ ನೀವೊಬ್ಬರೇ ತಡೆದುಕೊಂಡು ಬಂದಿದ್ದೀರಿ, ಸಣ್ಣ ಮಾತಲ್ಲ. ಆದರೆ ಸಿಟ್ಟು, ಅವಮಾನಗಳನ್ನು ಹೊರಹಾಕಲು ಬೇರೆ ದಾರಿಯನ್ನು ಯಾರೂ ನಿಮಗೆ ಕಲಿಸಿಲ್ಲ. ಅದನ್ನು ಕಲಿಸುವ ಚಿಕಿತ್ಸೆ ಇದೆ. ಹೆಸರಾಂತ ಮನೋವೈದ್ಯರಾಗಿದ್ದ ಡಾ. ಅಶೋಕ ಪೈ ಅವರ ಊರಿನಲ್ಲಿದ್ದುಕೊಂಡು ಮನೋವೈದ್ಯರ ಬಾಗಿಲು ತಟ್ಟಲು ಸಂಕೋಚವೇಕೆ?

ಕಲೆಗಳ ಬಗ್ಗೆ ಒಂದೆರಡು ಮಾತು. ಗಾಯ ಮಾಗಿ ವರ್ಷವಾದರೂ ಆಗಿರಬೇಕು, ನಿಮ್ಮದು ಆಗಿದೆ. ಗೆರೆಗಳು ಉಬ್ಬಿ, ಗಟ್ಟಿಯಾಗಿ, ತುರಿಸುತ್ತಿದ್ದರೆ ಮೊದಲು ಚರ್ಮವೈದ್ಯರಿಗೆ ತೋರಿಸಿ. ಸೂಜಿಯ ಪೊಟ್ಟಣವನ್ನು ನಿಮ್ಮ ಕಣ್ಣೆದುರೇ ಒಡೆಯಬೇಕು. ಹೆಪಟೈಟಿಸ್ ಬಿ ಮತ್ತು ಸಿ ಬಳಸಿದ ಸೂಜಿಯಿಂದ ಹರಡುತ್ತವೆ. ಹಚ್ಚೆ ಹಾಕಿಸಿದ ಮೇಲೆ ಒಂದು ವರ್ಷ ರಕ್ತದಾನ ಮಾಡುವಂತಿಲ್ಲ. ಗಂಡಿನ ಕಡೆಯವರು ನೋಡಲು ಬರುವ ಮೊದಲು ಕಲೆ ಮುಚ್ಚಬೇಕೆಂದು ಯಾರಾದರೂ ಹೇಳಿಕೊಟ್ಟಿದ್ದರೆ ಮಾತ್ರ, ಖಂಡಿತ ಬೇಡ.

ಅಮ್ಮನಿಗೆ ಎಲ್ಲವನ್ನೂ ಒಂದೇ ಸಲ ಹೇಳಬೇಕಿಲ್ಲ. ಎದುರುಬದುರು ಕೂತು ಹೇಳುವುದೂ ಕಷ್ಟ. ಅಂಗಳದಲ್ಲಿ ಅಡಿಕೆ ಹರವುವಾಗ, ಇಬ್ಬರ ಕಣ್ಣೂ ನೆಲದ ಮೇಲಿರುವಾಗ, ‘ಆಗ ಮಾಡಿಕೊಳ್ಳುತ್ತಿದ್ದೆ, ಈಗ ಇಲ್ಲ, ಆದರೆ ಮೊನ್ನೆ ಕಿವಿ ಚುಚ್ಚಿಸಿದ ದಿನ ಮನಸ್ಸು ಸರಿ ಇರಲಿಲ್ಲ’ ಎಂದಷ್ಟೇ ಹೇಳಿ ನೋಡಿ. ಆಮೇಲೆ ಜರಿ ಎಲೆ ಹುಡುಕಲು ಅವರನ್ನೂ ಕರೆದುಕೊಂಡು ಹೋಗಿ. ಅಡಿ ಬೆಳ್ಳಗಿರುವ ಆ ಜರಿ ಯಾವ ಧರೆಯಲ್ಲಿ ಬೆಳೆಯುತ್ತದೆಂದು ಅವರಿಗೆ ಗೊತ್ತಿರುತ್ತದೆ. ಎಡಗೈ ಮೇಲೆ ಎಲೆಯಿಟ್ಟು ಅವರೇ ಒಮ್ಮೆ ತಟ್ಟಲಿ. ಆ ಬಿಳಿ ಅಚ್ಚು ಗೆರೆಗಳ ಮೇಲೆ ಹೇಗೆ ಕೂರುತ್ತದೆ ಎಂದು ಸಂಜೆಯವರೆಗೆ ನೋಡಿಕೊಂಡಿರಿ. ಬೆವರಿಗೆ ಅಳಿಸಿಹೋದರೆ ಇನ್ನೊಂದು ಎಲೆ ಇದ್ದೇ ಇದೆ.