12 ಹಿಟ್ ಹೊಡೆದ ತಂಡ ಸೋತು, ಒಂದೇ ಹಿಟ್ ಹೊಡೆದ ತಂಡ ಗೆದ್ದದ್ದು ಹೇಗೆ? ಇದು ಅಚ್ಚಿನ ತಪ್ಪೇ?

ತಪ್ಪಲ್ಲ. ನಿಮ್ಮ ಕೈಗೆ ಸಿಕ್ಕಿರುವುದು 1959ರ ಮೇ 26ರಂದು ಅಮೆರಿಕದ ಮಿಲ್ವಾಕಿಯಲ್ಲಿ ನಡೆದ ಬೇಸ್‌ಬಾಲ್ ಪಂದ್ಯದ ಸ್ಕೋರ್ ಪಟ್ಟಿ. ಪಿಟ್ಸ್‌ಬರ್ಗ್ ಪೈರೇಟ್ಸ್ ಸಾಲಿನಲ್ಲಿ 0, 12, 1. ಮಿಲ್ವಾಕಿ ಬ್ರೇವ್ಸ್ ಸಾಲಿನಲ್ಲಿ 1, 1, 0. ಕ್ರಮವಾಗಿ ರನ್, ಹಿಟ್ ಮತ್ತು ಫೀಲ್ಡಿಂಗ್ ತಪ್ಪು. ಚೆಂಡು ಹೊಡೆದು ಔಟಾಗದೆ ಬೇಸ್, ಅಂದರೆ ಮೈದಾನದ ನಿಲ್ದಾಣವೊಂದನ್ನು ಸೇರಿದರೆ ಹಿಟ್; ಬೇಸ್‌ಗಳನ್ನೆಲ್ಲ ಸುತ್ತಿ ಹೊರಟ ಜಾಗಕ್ಕೆ, ಅಂದರೆ ‘ಮನೆ’ಗೆ ಮರಳಿದರೆ ರನ್. ಕಾಲೇಜು ದಿನಗಳಲ್ಲಿ ಕ್ರಿಕೆಟ್ ಪಂದ್ಯಗಳಿಗೆ ಸ್ಕೋರ್ ಬರೆಯುತ್ತಿದ್ದವನು ನಾನು. ಬೇಸ್‌ಬಾಲ್ ಹುಚ್ಚು ಹತ್ತಿದ್ದೂ ಇಂಥ ಪಟ್ಟಿಗಳಿಂದಲೇ. ಅಂದಹಾಗೆ, ಈ ಪಟ್ಟಿಗೆ ರೂಪ ಕೊಟ್ಟ ಹೆನ್ರಿ ಚಾಡ್ವಿಕ್ ಇಂಗ್ಲೆಂಡಿನಲ್ಲಿ ಹುಟ್ಟಿದವರು, ಮೊದಲು ಕ್ರಿಕೆಟ್ ವರದಿ ಬರೆಯುತ್ತಿದ್ದವರು. ಹಾಗಾಗಿ ನಮಗೆ ಇದು ತೀರಾ ಪರಕೀಯವೇನಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಪೈರೇಟ್ಸ್ ಪರ ಚೆಂಡೆಸೆದವರು ಎಡಗೈ ಪಿಚರ್ ಹಾರ್ವಿ ಹ್ಯಾಡಿಕ್ಸ್. ಸಾಮಾನ್ಯವಾಗಿ ಪಂದ್ಯಕ್ಕೆ ಒಂಬತ್ತು ಇನ್ನಿಂಗ್ಸ್, ಒಂದೊಂದರಲ್ಲೂ ಪ್ರತಿ ತಂಡಕ್ಕೆ ಮೂರು ಔಟ್. ಬಂದ 27 ಮಂದಿಯಲ್ಲಿ ಒಬ್ಬರಿಗೂ ಬೇಸ್ ಮುಟ್ಟಲು ಬಿಡದಿದ್ದರೆ ಅದು ಪರ್ಫೆಕ್ಟ್ ಗೇಮ್. ಹ್ಯಾಡಿಕ್ಸ್ ಅದನ್ನು ಮಾಡಿದರು. ಆದರೆ ಅವರ ತಂಡವೂ ರನ್ ಗಳಿಸಿರಲಿಲ್ಲ! ಬ್ರೇವ್ಸ್‌ನ ಪಿಚರ್ ಲೂ ಬರ್ಡೆಟ್ ಹಿಟ್ ಮೇಲೆ ಹಿಟ್ ಕೊಟ್ಟರೂ ಯಾರನ್ನೂ ಮನೆ ಸೇರಲು ಬಿಡಲಿಲ್ಲ. ಆಟ ಮುಂದುವರಿಯಿತು. ಹನ್ನೆರಡು ಇನ್ನಿಂಗ್ಸ್ ಮುಗಿದಾಗ ಹ್ಯಾಡಿಕ್ಸ್ ಸತತ 36 ಮಂದಿಯನ್ನು ಔಟ್ ಮಾಡಿದ್ದರು.

ಹದಿಮೂರನೆಯದರಲ್ಲಿ ಮೂರನೇ ಬೇಸ್ ಕಾಯುತ್ತಿದ್ದ ಪೈರೇಟ್ಸ್‌ನ ಡಾನ್ ಹೋಕ್ ಚೆಂಡನ್ನು ಕೆಟ್ಟದಾಗಿ ಎಸೆದರು. ಬ್ರೇವ್ಸ್‌ನ ಫೆಲಿಕ್ಸ್ ಮ್ಯಾಂಟಿಯಾ ಮೊದಲ ಬೇಸ್ ಸೇರಿದರು. ಪಟ್ಟಿಯಲ್ಲಿರುವ ಆ ಒಂದು ತಪ್ಪು ಇದೇ. ಎಡ್ಡಿ ಮ್ಯಾಥ್ಯೂಸ್ ಚೆಂಡನ್ನು ಮೆಲ್ಲಗೆ ತಟ್ಟಿ, ತಾವು ಔಟಾಗಿ, ಮ್ಯಾಂಟಿಯಾರನ್ನು ಎರಡನೇ ಬೇಸಿಗೆ ದಾಟಿಸಿದರು. ಮುಂದೆ ಬಂದ ಹ್ಯಾಂಕ್ ಆರನ್‌ಗೆ ಹ್ಯಾಡಿಕ್ಸ್ ಬೇಕೆಂದೇ ಮೊದಲ ಬೇಸ್ ಬಿಟ್ಟುಕೊಟ್ಟರು. ಆಮೇಲೆ ಬಂದ ಜೋ ಆಡ್‌ಕಾಕ್ ಹೊಡೆದ ಚೆಂಡು ಬೇಲಿಯಾಚೆ ಬಿತ್ತು. ಇದು ಹೋಮ್ ರನ್: ಹೊಡೆದವನೂ ಬೇಸ್‌ಗಳಲ್ಲಿದ್ದ ಇಬ್ಬರೂ ಮನೆ ಸೇರಬಹುದು.

ಹಾಗಿದ್ದರೆ 3-0 ಆಗಬೇಕಿತ್ತಲ್ಲ? ಇಲ್ಲಿಯೇ ತಮಾಷೆ. ಮ್ಯಾಂಟಿಯಾ ಓಡಿ ಬಂದರೆ ಪಂದ್ಯ ಮುಗಿಯಿತೆಂದುಕೊಂಡು ಆರನ್ ಅರ್ಧ ದಾರಿಯಲ್ಲೇ ಮೈದಾನ ಅಡ್ಡ ಹಾಯ್ದು ತಮ್ಮ ತಂಡದತ್ತ ನಡೆದುಬಿಟ್ಟರು. ಹಿಂದಿನಿಂದ ಓಡಿಬರುತ್ತಿದ್ದ ಆಡ್‌ಕಾಕ್ ಅವರನ್ನು ದಾಟಿಬಿಟ್ಟರು. ಮುಂದಿನ ಓಟಗಾರನನ್ನು ದಾಟಿದವನು ಬೇಸ್‌ಬಾಲ್‌ನಲ್ಲಿ ಔಟ್. ಅಂದು 2-0 ಎಂದು ಲೆಕ್ಕ ಹಿಡಿದರು. ಮರುದಿನ ನ್ಯಾಷನಲ್ ಲೀಗ್ ಅಧ್ಯಕ್ಷ ವಾರೆನ್ ಗೈಲ್ಸ್ ಅದನ್ನು 1-0 ಮಾಡಿ, ಹೋಮ್ ರನ್ ಅನ್ನು ಡಬಲ್‌ಗೆ, ಅಂದರೆ ಎರಡನೇ ಬೇಸ್‌ವರೆಗಿನ ಹಿಟ್‌ಗೆ ಇಳಿಸಿದರು.

ಪಟ್ಟಿಯಲ್ಲಿ ಹ್ಯಾಡಿಕ್ಸ್ ಹೆಸರಿನ ಮುಂದೆ 12.2 ಇನ್ನಿಂಗ್ಸ್ ಎಂದಿರುವುದನ್ನು ನೋಡಿ. ಇದು ದಶಮಾಂಶವಲ್ಲ. ನಾವು 12.2 ಓವರ್ ಎಂದರೆ 12 ಓವರ್, 2 ಚೆಂಡು ಎಂದು ಓದುವ ಹಾಗೆ, ಇಲ್ಲಿ 12 ಇನ್ನಿಂಗ್ಸ್, 2 ಔಟ್. ಆ ಎರಡರಲ್ಲಿ ಒಂದು ಮ್ಯಾಥ್ಯೂಸ್, ಇನ್ನೊಂದು ಚೆಂಡನ್ನು ಬೇಲಿ ದಾಟಿಸಿದ ಆಡ್‌ಕಾಕ್! ಪಕ್ಕದಲ್ಲೇ ಪಿಚರ್‌ನ ತಲೆಗೆ ಕಟ್ಟುವ ರನ್‌ಗಳ ಅಂಕಣವಿದೆ; ಅಲ್ಲಿ ಸೊನ್ನೆ. ಫೀಲ್ಡಿಂಗ್ ತಪ್ಪಿನಿಂದ ಬಂದವನು ಗಳಿಸಿದ ರನ್ ಪಿಚರ್ ಖಾತೆಗೆ ಸೇರುವುದಿಲ್ಲ. ಆದರೂ ಸೋಲು ಅವರದೇ ಹೆಸರಿನಲ್ಲಿದೆ.

1991ರಲ್ಲಿ ಮೇಜರ್ ಲೀಗ್ ಸಮಿತಿಯೊಂದು, ಕನಿಷ್ಠ ಒಂಬತ್ತು ಇನ್ನಿಂಗ್ಸ್ ಆಡಿ ಪಂದ್ಯದ ಕೊನೆಯವರೆಗೂ ಹಿಟ್ ಕೊಡದಿದ್ದರೆ ಮಾತ್ರ ‘ನೋ-ಹಿಟ್ಟರ್’ ಎಂದು ಬಿಗಿಮಾಡಿ, ಈ ಪಂದ್ಯವನ್ನು ಆ ಯಾದಿಯಿಂದ ತೆಗೆದುಹಾಕಿತು. ನಿಯಮದಲ್ಲಿ ತರ್ಕವಿದೆ, ಒಪ್ಪುತ್ತೇನೆ. ಆದರೆ 32 ವರ್ಷ ಕಾದು, ಹ್ಯಾಡಿಕ್ಸ್ ಇನ್ನೂ ಬದುಕಿರುವಾಗಲೇ ಅಳಿಸುವ ಅವಸರವೇನಿತ್ತೋ ನನಗಂತೂ ಅರ್ಥವಾಗಿಲ್ಲ.